ಗುಂಡಿ ಕಂಡರೆ ಖುಷಿಯಾಗುವ ಪಿಕಪ್

ಮೂರು ವರ್ಷದಿಂದ ಆಫ್-ರೋಡ್ ಪಿಕಪ್, ಅಂದರೆ ಕಲ್ಲು-ಮಣ್ಣಿನ ದಾರಿಗೆಂದೇ ಮಾಡಿದ ಪಿಕಪ್ ಓಡಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಎಲ್ಲರೂ ಎಂಜಿನ್ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗುವುದು ಗುಂಡಿಯ ಏಟು ತಡೆಯುವ ಸಸ್ಪೆನ್ಷನ್ ಕಡೆಗೆ. ಬಗ್ಗಿ ಚಕ್ರದ ಹಿಂದೆ ನೋಡಿ. ದಪ್ಪನೆಯ ಶಾಕ್ ಅಬ್ಸಾರ್ಬರ್, ಅದಕ್ಕೆ ಅಂಟಿಕೊಂಡಂತೆ ಒಂದು ಚಿಕ್ಕ ಡಬ್ಬಿ. ಕಲ್ಲುದಾರಿಯಲ್ಲಿ ಜೋರಾಗಿ ಹೋದಾಗ ಒಳಗಿನ ಎಣ್ಣೆ ಕಾಯುತ್ತದೆ. ಕಾದರೆ ಕುಲುಕಾಟ ತಡೆಯುವ ಶಾಕ್‌ನ ಶಕ್ತಿ ಕಡಿಮೆಯಾಗುತ್ತದೆ. ಡಬ್ಬಿ ಇದ್ದರೆ ಎಣ್ಣೆ ಜಾಸ್ತಿ ಹಿಡಿಯುತ್ತದೆ, ಬೇಗ ಬಿಸಿಯೇರುವುದಿಲ್ಲ. ಮಾಮೂಲಿ ಪಿಕಪ್ ಕುಣಿದಾಡುವ ಕೊರಕಲಿನಲ್ಲಿ ಇದು ತೇಲಿಕೊಂಡು ಹೋಗುತ್ತದೆ. ಆ ಸುಖ ಕೂತು ನೋಡಿದವರಿಗೇ ಗೊತ್ತು!

ಮರುಭೂಮಿ ರೇಸಿನ ಗಾಡಿಗಳ ಈ ಗುಣವನ್ನು 2010ರ ಮಾದರಿಯ ಫೋರ್ಡ್ ಎಫ್-150 ರ‍್ಯಾಪ್ಟರ್ ಶೋರೂಮಿಗೆ ತಂದಿತು. 2021ರ ರ‍್ಯಾಮ್ ಟಿಆರ್‌ಎಕ್ಸ್ ಎಂಬ ಪಿಕಪ್ 702 ಅಶ್ವಶಕ್ತಿ ಕೊಟ್ಟಿತು. ಅಷ್ಟು ಬೇಕಾ? ನನ್ನ ಪ್ರಕಾರ ಬೇಡ. ಮಣ್ಣಿನಲ್ಲಿ ಶಕ್ತಿಗಿಂತ ಚಕ್ರದ ಹಿಡಿತ ಮುಖ್ಯ ಅಲ್ವಾ?

ದಿನದ ಬಳಕೆಗೆ ಹೇಗೆ? ಮೆತ್ತನೆ ಸ್ಪ್ರಿಂಗ್ ಇರುವುದರಿಂದ ಸಾಮಾನ್ಯ ಪಿಕಪ್‌ನಷ್ಟು ಭಾರ ಹೊರುವುದಿಲ್ಲ. ಸಿಮೆಂಟ್ ಮೂಟೆ ಸಾಗಿಸುವವರು ಇದನ್ನು ಕೊಳ್ಳಲೇಬೇಡಿ. ಅಗಲ ಜಾಸ್ತಿ, ಪಾರ್ಕಿಂಗ್‌ನಲ್ಲಿ ಬಾಗಿಲು ತೆರೆಯಲು ಪರದಾಡಬೇಕು. ಇಂಧನದ ಖರ್ಚು ಭಾರಿ. ಹೆದ್ದಾರಿಯಲ್ಲಿ ದಪ್ಪ ಟೈರುಗಳ ಗುಂಯ್ ಸದ್ದು ಬಿಡುವುದೇ ಇಲ್ಲ.

ತಿಂಗಳಿಗೆ ಎರಡು ಸಲವಾದರೂ ಡಾಂಬರು ಬಿಟ್ಟು ಇಳಿಯುವವರಾದರೆ ಖಂಡಿತ ತಗೊಳ್ಳಿ. ಜೊತೆಗೆ ಗಾಳಿ ತುಂಬುವ ಕಂಪ್ರೆಸರ್ ಇಟ್ಟುಕೊಳ್ಳಿ. ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸಿದರೆ, ಮತ್ತೆ ತುಂಬಿಸಿಯೇ ರಸ್ತೆ ಹತ್ತಬೇಕು.