ಎನ್‌ಪಿಎಸ್‌ನಲ್ಲಿ ಇರೋದಾ, ಯುಪಿಎಸ್‌ಗೆ ಹೋಗೋದಾ?

ಕೇಂದ್ರ ಸರ್ಕಾರದ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಎನ್‌ಪಿಎಸ್ ಅಂದರೆ ಮಾರುಕಟ್ಟೆಯನ್ನು ನಂಬಿದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಯುಪಿಎಸ್ ಅಂದರೆ ಖಾತ್ರಿ ಪೆನ್ಷನ್‌ನ ಏಕೀಕೃತ ಪಿಂಚಣಿ ಯೋಜನೆ. ಎರಡರಲ್ಲೂ ನಿಮ್ಮ ಪಾಲು ಒಂದೇ: ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರ ಶೇ 10.

2025ರ ಏಪ್ರಿಲ್ 1ರಿಂದ ಬಂದ ಯುಪಿಎಸ್‌ನಲ್ಲಿ ಲೆಕ್ಕ ಮೊದಲೇ ಗೊತ್ತು. 25 ವರ್ಷ ಸೇವೆ ಆಗಿದ್ದರೆ, ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಪ್ರತಿ ತಿಂಗಳೂ ಪೆನ್ಷನ್ ಆಗಿ ಸಿಗುತ್ತದೆ. 10 ವರ್ಷಕ್ಕೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ನಿಮ್ಮ ನಂತರ ಗಂಡ ಅಥವಾ ಹೆಂಡತಿಗೆ ಆ ಪೆನ್ಷನ್ನಿನ ಶೇ 60. ಅಷ್ಟೇ, ಮಕ್ಕಳಿಗೆ ಗಂಟು ಉಳಿಯುವುದಿಲ್ಲ.

ಎನ್‌ಪಿಎಸ್‌ನಲ್ಲಿ ಸರ್ಕಾರದ ಶೇ 14 ಪೂರ್ತಿ ನಿಮ್ಮ ಖಾತೆಗೇ ಬೀಳುತ್ತದೆ. ನಿವೃತ್ತಿಯಾದಾಗ ಖಾತೆಯ ಹಣದಲ್ಲಿ ಶೇ 60ರವರೆಗೆ ಕೈಗೆ, ಉಳಿದದ್ದಕ್ಕೆ ಆನ್ಯುಯಿಟಿ, ಅಂದರೆ ವಿಮಾ ಕಂಪನಿ ಕೊಡುವ ಪೆನ್ಷನ್. ಮಾರುಕಟ್ಟೆ ಕೈ ಹಿಡಿದರೆ ಜಾಸ್ತಿ ಸಿಗುತ್ತದೆ. ಕೈ ಕೊಟ್ಟರೆ ಕೇಳುವವರಿಲ್ಲ.

ಅರವತ್ತರವರೆಗೆ ಇರುವವರಿಗೆ ನನ್ನ ಓಟು ಯುಪಿಎಸ್‌ಗೆ. ಮಧ್ಯದಲ್ಲಿ ರಾಜೀನಾಮೆ ಕೊಡುವ ಯೋಚನೆ ಇದೆಯಾ? ಹಾಗಾದರೆ ಎನ್‌ಪಿಎಸ್, ಯಾಕೆಂದರೆ ರಾಜೀನಾಮೆ ಕೊಟ್ಟವರಿಗೆ ಯುಪಿಎಸ್ ಖಾತ್ರಿ ಇಲ್ಲ. ಸ್ವಯಂ ನಿವೃತ್ತಿಗೂ 20 ವರ್ಷ ಆಗಿರಬೇಕು (ಪೂರ್ತಿ ಪೆನ್ಷನ್ ಬೇಕಾದರೆ 25), ಪೆನ್ಷನ್ ಶುರುವಾಗೋದು ಮಾತ್ರ ಸಹಜ ನಿವೃತ್ತಿಯ ವಯಸ್ಸಿಗೆ!

ಯುಪಿಎಸ್ ಆರಿಸಿದವರು ನಿವೃತ್ತಿಗೆ ಒಂದು ವರ್ಷ ಇರುವವರೆಗೆ, ಒಂದೇ ಸಲ, ಎನ್‌ಪಿಎಸ್‌ಗೆ ಮರಳಬಹುದು. ಮತ್ತೆ ಯುಪಿಎಸ್‌ಗೆ ಬರಲು ದಾರಿ ಇಲ್ಲ.