ಹಳದಿ ಅಂಚು ಎಲ್ಲಿ ಹೋಯ್ತು? ಎಂಟು ವರ್ಷ ಸ್ನೇಕ್ ಪ್ಲಾಂಟ್ ಸಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಗಿಡ ಚೆನ್ನಾಗಿದೆ. ಎಂಟು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇನೆ, ಎರಡು ಮಿಕ್ಸಿ ಸುಟ್ಟುಹೋಗಿವೆ, ಇದು ಮಾತ್ರ ಇನ್ನೂ ಜೊತೆಗಿದೆ. ಆದರೂ ಇದರ ಮೇಲೆ ನನಗೊಂದು ಸಿಟ್ಟಿತ್ತು. ಅದನ್ನು ಹೇಳೋಣ ಅಂತಲೇ ಕೂತಿದ್ದೇನೆ.

2017ರಲ್ಲಿ ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಬಂದ ಹೊಸದರಲ್ಲಿ ನರ್ಸರಿಯಿಂದ 220 ರೂಪಾಯಿ ಕೊಟ್ಟು ತಂದ ಗಿಡ ಇದು. ಆಗಿನ ನನ್ನ ಸಂಬಳಕ್ಕೆ ಅದು ಜಾಸ್ತಿಯೇ. ತೀರ್ಥಹಳ್ಳಿ ಕಡೆಯವಳು ನಾನು, ದುಡ್ಡು ಕೊಟ್ಟು ಗಿಡ ತಂದೆ ಅಂತ ಅಮ್ಮನಿಗೆ ಹೇಳುವ ಧೈರ್ಯ ಆಗಲಿಲ್ಲ, "ಫ್ರೆಂಡ್ ಕೊಟ್ಟಳು" ಅಂದೆ. ನಮ್ಮ ಕಡೆ ಗಿಡ ಅಂದರೆ ಕೇಳಿ ತರುವುದು, ಕೊಡದಿದ್ದರೆ ಹೋಗುವಾಗ ಸುಮ್ನೆ ಒಂದು ಕಡ್ಡಿ ಮುರಿದುಕೊಂಡು ಹೋಗುವುದು. ಆದರೆ ಆ ಹಳದಿ ಅಂಚು ನೋಡಿದ ಮೇಲೆ ಬಿಟ್ಟು ಬರಲು ಆಗಲಿಲ್ಲ. ಕಡು ಹಸಿರು ಎಲೆ, ಮೈಮೇಲೆ ಬೂದು ಬಣ್ಣದ ಅಲೆ ಅಲೆ ಪಟ್ಟೆ, ಎರಡೂ ಬದಿಗೆ ಬುಡದಿಂದ ತುದಿ ತನಕ ಒಂದೇ ಸಮ ಹಳದಿ. ದುಡ್ಡು ಕೊಟ್ಟಿದ್ದು ಆ ಅಂಚಿಗೇ. ಅಂಚಿಲ್ಲದ ಹಸಿರು ಜಾತಿ ಪಕ್ಕದಲ್ಲೇ 80 ರೂಪಾಯಿಗೆ ಇತ್ತು.

ಬೆಳಕು ಎಷ್ಟು ಬೇಕು, ಗೊಬ್ಬರ ಯಾವುದು, ಇದೆಲ್ಲ ಎಲ್ಲ ಕಡೆ ಸಿಗುತ್ತದೆ, ನಾನು ಮತ್ತೆ ಬರೆಯುವುದಿಲ್ಲ. ಒಂದು ಮಾತ್ರ ಹೇಳಬೇಕು. "ವಾರಕ್ಕೊಮ್ಮೆ ನೀರು ಹಾಕಿ" ಅಂತ ಬರೆಯುವವರು ಯಾರೂ ಮಲೆನಾಡಿನ ಮಳೆಗಾಲ ಕಂಡವರಲ್ಲ.

2020ರ ಲಾಕ್‌ಡೌನ್‌ನಲ್ಲಿ ಗಿಡವನ್ನೂ ಕಟ್ಟಿಕೊಂಡು ಊರಿಗೆ ಹೋದೆ. ನಮ್ಮೂರು ಆಗುಂಬೆಯಿಂದ ದೂರವೇನಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಮುಂದೆ ಶಿವಮೊಗ್ಗ ಪೇಟೆ ಒಣ ಊರು. ಜುಲೈ ತಿಂಗಳಲ್ಲಿ ನಮ್ಮ ಜಗುಲಿಯಲ್ಲಿ ಬಟ್ಟೆ ಒಣಗಬೇಕಾದರೆ ನಾಲ್ಕು ದಿನ ಬೇಕು, ಕುಂಡದ ಮಣ್ಣು ಒಣಗುವ ಮಾತೇ ಇಲ್ಲ. ಅದು ಸಾಲದು ಅಂತ ಅಮ್ಮ ದಿನಾ ಅದಕ್ಕೆ ಅಕ್ಕಿ ತೊಳೆದ ನೀರು ಹೊಯ್ಯುತ್ತಿದ್ದರಂತೆ, ಪಾಪ, ಪೇಟೆಯಿಂದ ಬಂದ ಗಿಡ ಸೊರಗಬಾರದು ಅಂತ. ಇದು ಪಶ್ಚಿಮ ಆಫ್ರಿಕಾದ ಗಿಡ. ದಪ್ಪ ಎಲೆಯೊಳಗೇ ನೀರು ತುಂಬಿಟ್ಟುಕೊಳ್ಳುತ್ತದೆ, ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ಹಾಗಾಗಿ ನೀರು ಹೊರಗೆ ಹೋಗುವುದೂ ಕಡಿಮೆ. ಅದಕ್ಕೆ ದಿನಾ ನೀರು ಕುಡಿಸಿದರೆ ಏನಾಗಬೇಕೋ ಅದೇ ಆಯಿತು. ಮಣ್ಣು ಹುಳಿ ವಾಸನೆ ಬಂತು, ಗುಂಗಾಡು ಎದ್ದವು. ಒಂದು ದಿನ ಎಲೆ ಮುಟ್ಟಿದರೆ ಬುಡದಿಂದ ಕಳಚಿ ಕೈಗೇ ಬಂತು. ಬುಡ ಕೊಳೆತ ಸೌತೆಕಾಯಿಯ ಹಾಗೆ ಲೊಳಲೊಳ.

ಅಪ್ಪ ತೋಟದಿಂದ ಬಂದವರು ಕಂಬಳಿ ಕೊಡವುತ್ತಾ ನೋಡಿದರು. "ತೋಟಕ್ಕೆ ಕೊಳೆ ಬಂದ್ರೆ ಮೈಲುತುತ್ತ ಹೊಡೆಸಬೋದು. ಇದಕ್ಕೆಂಥ ಹೊಡಿಯೋದು ಮಾರಾಯ್ತಿ?"

ಒಂಬತ್ತು ಎಲೆಯಲ್ಲಿ ಆರು ಹೋದವು. ಗೆಡ್ಡೆಯಲ್ಲಿ ಗಟ್ಟಿ ಇದ್ದ ಒಂದು ತುಂಡನ್ನು ಉಳಿದ ಮೂರು ಎಲೆಯ ಸಮೇತ ಬೇರೆ ಒಣ ಮಣ್ಣಿಗೆ ಹಾಕಿ, ಒಲೆಮನೆಯ ಅಟ್ಟದ ಕೆಳಗೆ ಬೆಚ್ಚಗೆ ಇಟ್ಟೆ. ಬಿದ್ದ ಎಲೆಗಳ ಮೇಲ್ಭಾಗ ಇನ್ನೂ ಗಟ್ಟಿ ಇತ್ತಲ್ಲ, ಎಸೆಯಲು ಮನಸ್ಸಾಗಲಿಲ್ಲ. "ಎಲೆ ಕತ್ತರಿಸಿ ನೆಟ್ಟರೆ ಸಾಕು, ಒಂದರಿಂದ ಹತ್ತು ಗಿಡ" ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ನಾಲ್ಕು ಬೆರಳುದ್ದ ಕತ್ತರಿಸಿ, ಕತ್ತರಿಸಿದ ಬಾಯಿ ಒಣಗಲಿ ಅಂತ ಮೂರು ದಿನ ಹಾಗೇ ಬಿಟ್ಟು, ಮರಳು ಜಾಸ್ತಿ ಹಾಕಿದ ಮಣ್ಣಿಗೆ ಊರಿದೆ. ತಲೆಕೆಳಗಾಗಿ ಊರಿದರೆ ಬೇರು ಬರುವುದಿಲ್ಲ, ಅದಕ್ಕೇ ಪ್ರತಿ ತುಂಡಿನ ಕೆಳಗಡೆಗೆ ಮಗನ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿದ್ದೆ. ಹನ್ನೊಂದು ತುಂಡು. ಎರಡು ಕೊಳೆತವು, ಒಂಬತ್ತು ಬೇರು ಬಿಟ್ಟವು.

ಸಂಕ್ರಾಂತಿ ಹೊತ್ತಿಗೆ ಒಂದರ ಪಕ್ಕದಲ್ಲಿ ಮಣ್ಣು ಬಿರಿದು ಮೂಗಿನ ತುದಿಯಷ್ಟು ಕುಡಿ ಕಂಡಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಕುಡಿ ಬೆಳೆದು ಎಲೆ ಆಯಿತು. ಹಸಿರು. ಚಿಕ್ಕದಲ್ವಾ, ದೊಡ್ಡದಾದ ಮೇಲೆ ಅಂಚು ಬರುತ್ತದೆ ಅಂದುಕೊಂಡೆ. ಎರಡನೆಯದೂ ಹಸಿರು. ಮೂರನೆಯದೂ. ಬೆಳಕು ಸಾಲದೇನೋ ಅಂತ ಕಿಟಕಿ ಬದಲಾಯಿಸಿದೆ, ಮೊಟ್ಟೆ ಚಿಪ್ಪು ಹಾಕಿದೆ, ಚಹಾಪುಡಿ ಹಾಕಿದೆ. ಒಂದೂವರೆ ವರ್ಷ ಕಾದೆ. ಒಂಬತ್ತು ಕುಂಡದಲ್ಲೂ ನರ್ಸರಿಯಲ್ಲಿ ನಾನು ಬೇಡ ಅಂತ ಬಿಟ್ಟು ಬಂದ ಆ 80 ರೂಪಾಯಿ ಗಿಡವೇ ನಿಂತಿತ್ತು. ಬಣ್ಣ ಬಳಿದು ಮಾರಿದ್ದಾರೆ ಅಂತ ನರ್ಸರಿಯವರಿಗೂ ಮನಸ್ಸಿನಲ್ಲೇ ಬೈದದ್ದಾಯಿತು.

ತಪ್ಪು ಅವರದಲ್ಲ. ಹಳದಿ ಅಂಚಿನ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಸೇರಿಕೊಂಡಿರುತ್ತವೆ. ಒಂದು ಬಗೆಯದಕ್ಕೆ ಹಸಿರು ಮಾಡಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಎಲೆ ತುಂಡಿನಿಂದ ಹೊಸದಾಗಿ ಹುಟ್ಟುವ ಕುಡಿಗೆ ಆ ಜೋಡಣೆ ಸಿಗುವುದಿಲ್ಲ, ಬರೀ ಹಸಿರಾಗುತ್ತದೆ. ಬುಡದ ಗೆಡ್ಡೆಯಿಂದ ತಾನಾಗಿ ಏಳುವ ಮರಿಗೆ (ನಮ್ಮ ಕಡೆ ಕಂದು ಅನ್ನುತ್ತೇವೆ) ಮಾತ್ರ ತಾಯಿಯ ಅಂಚು ಬರುತ್ತದೆ. ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿ, "ಕಂದು ತೆಗೆದು ನೆಡೋದು ಬಿಟ್ಟು ಬಾಳೆ ಎಲೆ ನೆಡ್ತಾರೇನೇ ಯಾರಾದ್ರೂ?" ಅಂದರು. ಅಷ್ಟೇ.

ನನ್ನ ಸಿಟ್ಟು ಇರುವುದು ವಿಡಿಯೋದವರ ಮೇಲೆ. ಹಳದಿ ಅಂಚಿನ ಗಿಡ ಹಿಡಿದುಕೊಂಡು ಎಲೆ ಕತ್ತರಿಸಿ ತೋರಿಸುತ್ತಾರೆ, ಬೇರು ಬಂದದ್ದು ತೋರಿಸುತ್ತಾರೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಆಮೇಲೆ ಬಂದ ಮರಿ ಯಾವ ಬಣ್ಣ ಅಂತ ತೋರಿಸಿದವರನ್ನು ನಾನಂತೂ ನೋಡಿಲ್ಲ. ಇದೇ ಜನ ಇದನ್ನು ಗಾಳಿ ಶುದ್ಧ ಮಾಡುವ ಗಿಡ ಅಂತಲೂ ಮಾರುತ್ತಾರೆ. ನಾಸಾದವರು 1989ರಲ್ಲಿ ಪರೀಕ್ಷೆ ಮಾಡಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಸುಮ್ಮನೆ ಆಡುವ ಗಾಳಿಗೆ ಸಮ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾದೀತು ಅಂತ 2019ರಲ್ಲಿ ಬೇರೆ ಸಂಶೋಧಕರು ಲೆಕ್ಕ ಹಾಕಿ ಹೇಳಿದ್ದಾರೆ. ನಮ್ಮೂರ ಹೆಂಚಿನ ಸಂದಿಯಲ್ಲಿ ಬರುವ ಗಾಳಿಯೇ ಸಾಕಪ್ಪ.

ಮನೆಯಲ್ಲಿ ಬೇರೆ ಗಿಡಗಳೂ ಇವೆ. ಮನಿ ಪ್ಲಾಂಟಿಗೆ ಈ ತಕರಾರಿಲ್ಲ, ಗಿಣ್ಣಿರುವ ಬಳ್ಳಿ ತುಂಡನ್ನು ಹಾರ್ಲಿಕ್ಸ್ ಬಾಟಲಿಯ ನೀರಿಗೆ ಹಾಕಿದರೆ ಎರಡು ವಾರದಲ್ಲಿ ಬೇರು. ಅದು ಹೂ ಬಿಡುವುದೇ ಇಲ್ಲ ಅನ್ನುವಷ್ಟು ಅಪರೂಪ, ಹಾಗಾಗಿ ಮನೆ ಮನೆಯಲ್ಲಿರುವುದೆಲ್ಲ ಹೀಗೆ ಒಬ್ಬರಿಂದ ಒಬ್ಬರಿಗೆ ಹೋದ ತುಂಡುಗಳೇ. ಸ್ಪೈಡರ್ ಪ್ಲಾಂಟ್ ದಾರ ಬಿಟ್ಟು ಅದರ ತುದಿಗೆ ತಾನೇ ಮರಿ ಕಟ್ಟಿ ಕೊಡುತ್ತದೆ. ಝಡ್‌ಝಡ್ ಗಿಡದ ಎಲೆ ನೆಟ್ಟು ಏಳು ತಿಂಗಳಾಯಿತು, ಕೆಳಗೆ ಕಡಲೆಕಾಳಿನಷ್ಟು ಗೆಡ್ಡೆ ಆಗಿದೆ, ಮೇಲೆ ಏನೂ ಇಲ್ಲ. ಬೆಕ್ಕು ಇರುವವರು ಮಾತ್ರ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಎರಡನ್ನೂ ಎತ್ತರದಲ್ಲಿಡಿ. ಎಲೆ ಕಚ್ಚಿದರೆ ವಾಂತಿ ಮಾಡಿಕೊಳ್ಳುತ್ತವೆ.

ಭಾನುವಾರ ತಿಂಡಿ ಆದ ಮೇಲೆ ನನ್ನದೊಂದು ಕೆಲಸವಿದೆ. ಅಪ್ಪನ ಹಳೆ ಪಂಚೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಎಲೆಯ ಹಿಂದೆ ಒಂದು ಕೈ ಕೊಟ್ಟು, ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ ಒರೆಸುವುದು. ಧೂಳು ಹೋದ ಮೇಲೆ ಎಲೆ ಕಿರ್ ಅನ್ನುತ್ತದೆ, ತೊಳೆದ ಸ್ಟೀಲ್ ತಟ್ಟೆಯ ಹಾಗೆ. ಬಟ್ಟೆಯ ಮೇಲೆ ಉಳಿಯುವ ಕಪ್ಪು ಗೆರೆ ನೋಡಿದರೆ ನಮ್ಮ ರಸ್ತೆಯಲ್ಲಿ ಎಷ್ಟು ಧೂಳಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಮಣ್ಣಿಗೆ ಬೆರಳು ಎರಡನೇ ಗೆಣ್ಣಿನ ತನಕ ಇಳಿಸುತ್ತೇನೆ. ತಂಪು ಹತ್ತಿದರೆ ನೀರಿಲ್ಲ. ಆರಿದ್ರಾ ಮಳೆ ಶುರುವಾದ ಮೇಲೆ ಮಘೆ ಮುಗಿಯುವ ತನಕ ಬೆರಳೂ ಇಳಿಸುವುದಿಲ್ಲ, ನೀರೂ ಹಾಕುವುದಿಲ್ಲ. ಈ ಒಂದು ನಿಯಮ ಹಿಡಿದ ಮೇಲೆ ಒಂದು ಎಲೆಯೂ ಕೊಳೆತಿಲ್ಲ.

ಹಸಿರು ಮರಿಗಳನ್ನು ಬೇಕಾದವರಿಗೆ ಬೇಡಾದವರಿಗೆ ಹಂಚಿದೆ. ಎರಡು ಉಳಿದವು, ಒಂದನ್ನು ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ತಳ್ಳಿಟ್ಟಿದ್ದೆ. ಕುಂಡ ಸಣ್ಣದು, ಬದಲಾಯಿಸಲೂ ಹೋಗಿರಲಿಲ್ಲ. ಈ ವರ್ಷ ಏಪ್ರಿಲ್‌ನಲ್ಲಿ ರಾತ್ರಿ ಊಟ ಆಗಿ ಬಾಗಿಲು ಹಾಕಲು ಹೋದರೆ ಏನೋ ಪರಿಮಳ. ಪಕ್ಕದ ಮನೆಯ ಮಲ್ಲಿಗೆ ಅಂದುಕೊಂಡೆ. ಅದಲ್ಲ. ಮೊಬೈಲ್ ಲೈಟ್ ಹಾಕಿ ನೋಡಿದರೆ ಎಲೆಗಳ ಮಧ್ಯೆ ಒಂದು ಅಡಿಯ ಕಡ್ಡಿ ಎದ್ದಿದೆ, ಅದರ ತುಂಬ ಹಸಿರುಬಿಳಿ ಹೂ, ಎಸಳು ಹಿಂದಕ್ಕೆ ಸುರುಳಿ ಸುತ್ತಿಕೊಂಡಿವೆ. ಪ್ರತಿ ಹೂವಿನ ಬುಡದಲ್ಲಿ ಸಣ್ಣ ಜೇನಿನ ಹನಿ. ಬೆರಳಿಗೆ ತಾಗಿಸಿ ನೋಡಿದೆ, ಅಂಟು. ಇರುವೆಗಳಿಗೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಬೆಳಗ್ಗೆ ನೋಡಿದರೆ ಪರಿಮಳ ಇಲ್ಲ, ಸಂಜೆ ಮತ್ತೆ ಬಂತು. ನಾಲ್ಕೈದು ದಿನ ಹೀಗೇ, ಬಾಗಿಲು ಹಾಕುವುದನ್ನು ಹತ್ತು ಗಂಟೆ ತನಕ ಮುಂದೂಡುತ್ತಿದ್ದೆ, ಸೊಳ್ಳೆ ಬಂದರೆ ಬರಲಿ ಅಂತ. 220 ರೂಪಾಯಿಯ ತಾಯಿಗಿಡ ಎಂಟು ವರ್ಷದಲ್ಲಿ ಒಂದು ಸಲವೂ ಹೂ ಬಿಟ್ಟಿಲ್ಲ.

ತಾಯಿಗಿಡದ ಬುಡದಲ್ಲಿ ಈಗ ಎರಡು ಕಂದು ಬಂದಿವೆ, ಎರಡಕ್ಕೂ ಅಂಚಿದೆ. ಮೊನ್ನೆ ಅತ್ತಿಗೆ ಬಂದಿದ್ದರು, ಹಳದಿಯದೇ ಬೇಕಂತೆ. ದಸರಾ ಕಳೆಯಲಿ, ಮಣ್ಣು ಒಣಗಲಿ, ಆಗ ಬಿಡಿಸಿ ಕೊಡುತ್ತೇನೆ ಅಂದೆ. "ಅಲ್ಲಿ ತನಕ ಆ ಬಾಗಿಲ ಹತ್ರ ಇರೋದನ್ನ ಕೊಡೇ, ಹೆಂಗೂ ಹಸಿರಲ್ವಾ" ಅಂದರು. ಅದನ್ನು ಮಾತ್ರ ಕೊಡಲಿಲ್ಲ.