ಜನಪದ ಗೀತೆಗೆ ಗಿಟಾರ್ ಕಾರ್ಡ್: ಪುಸ್ತಕವೋ, ಆ್ಯಪೋ, ಸ್ವಂತ ಕಿವಿಯೋ?

ಬೇಗ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು) ಸಿಗಬೇಕೆಂದರೆ, ಧ್ವನಿಮುದ್ರಣ ಕೇಳಿ ಅವನ್ನು ಗುರುತಿಸುವ ಆ್ಯಪ್‌ಗೆ ಸಾಟಿಯಿಲ್ಲ. ಆದರೆ ಪಕ್ಕವಾದ್ಯವಿಲ್ಲದೆ ಒಬ್ಬರೇ ಹಾಡಿದ ಧ್ವನಿಮುದ್ರಣದಲ್ಲಿ ಗುರುತಿಸಲು ಕಾರ್ಡೇ ಇರುವುದಿಲ್ಲವಾದ್ದರಿಂದ, ಅಲ್ಲಿ ಅದು ತೋರಿಸುವುದು ಬರಿಯ ಊಹೆ. ಹಾಡಿನ ಪುಸ್ತಕ ಹೆಚ್ಚು ನಂಬಲರ್ಹ, ಆದರೂ ಜನಪದ ಗೀತೆಗೆ ಊರಿಗೊಂದು ಧಾಟಿಯಿರುವುದರಿಂದ ನೀವು ಕೇಳಿದ್ದೇ ಅಲ್ಲಿರಬೇಕೆಂದಿಲ್ಲ. ಪುಸ್ತಕದ ಶ್ರುತಿ ನಿಮ್ಮ ದನಿಗೆ ತಗ್ಗಾದರೆ ಚಿಂತೆಯಿಲ್ಲ: 2ನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡಪಟ್ಟಿ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರೆ ಜಿ ಕಾರ್ಡಿನ ಬೆರಳ ಹಿಡಿತವೇ ಎ ಕಾರ್ಡ್ ಆಗಿ ನುಡಿಯುತ್ತದೆ.

ಕಿವಿಯ ದಾರಿ ನಿಧಾನದ್ದು, ಖರ್ಚಿಲ್ಲದ್ದು, ಮತ್ತು ನನ್ನ ಮಟ್ಟಿಗೆ ಜನ ಹೆದರುವಷ್ಟು ಕಷ್ಟದ್ದಲ್ಲ. ಹಾಡು ಬಂದು ನಿಲ್ಲುವ ಸ್ವರ ಜಿ ಆಗಿದ್ದರೆ ಜಿ, ಸಿ, ಡಿ ಕಾರ್ಡ್‌ಗಳನ್ನೇ ಮೊದಲು ಪ್ರಯತ್ನಿಸಬೇಕು. ಒತ್ತು ಬೀಳುವ ಸ್ವರ ಬಿ ಆದರೆ ಜಿ, ಇ ಆದರೆ ಸಿ, ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು) ಆದರೆ ಡಿ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಎಫ್ ಶಾರ್ಪ್ ಬದಲು ಬರಿಯ ಎಫ್ ಕೇಳಿಸಿದಲ್ಲಿ, ಡಿ ಬಿಟ್ಟು ಎಫ್ ಕಾರ್ಡನ್ನೇ ನುಡಿಸಿ ನೋಡುವುದು ಒಳ್ಳೆಯದು.

ವಾದ್ಯಮೇಳದೊಂದಿಗೆ ಮುದ್ರಿತವಾದ ಹಾಡನ್ನು ನಾಳೆಯೇ ನುಡಿಸಬೇಕಾದವರಿಗೆ ಆ್ಯಪ್ ಸಾಕು. ಗುಂಪಿನಲ್ಲಿ ಎಲ್ಲರೂ ಒಂದೇ ಹಾಳೆ ನೋಡಿ ನುಡಿಸುವುದಾದರೆ ಪುಸ್ತಕವೇ ಅನುಕೂಲ. ಹಿರಿಯರ ಬಾಯಿಂದ ಕೇಳಿದ, ಎಲ್ಲಿಯೂ ಅಚ್ಚಾಗದ ಹಾಡಿಗೆ ಕಿವಿಯೊಂದೇ ಗತಿ.